ಕೊನೆಯ ಕೆಲಸಕ್ಕೂ ಲೈಸೆನ್ಸ್ ಬೇಕೇ?

ಹೆಣ ಸಾಗಿಸುವವರು, ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವವರು, ದೇಹ ಕೆಡದಂತೆ ಎಂಬಾಮಿಂಗ್ ಮಾಡುವವರು, ಕಟ್ಟಿಗೆ ಪೆಟ್ಟಿಗೆ ಎಲ್ಲ ಹೊಂದಿಸಿಕೊಡುವವರು. ಈ ಕಸುಬಿಗೆ ಸರ್ಕಾರದ ಪರವಾನಗಿ ಬೇಕೇ? ತಪ್ಪು ಮಾಡಿದರೆ ಅದನ್ನು ಕಿತ್ತುಕೊಳ್ಳುವ ಒಂದು ಮಂಡಳಿ ಬೇಕೇ? ಕಾರವಾರದಿಂದ ಒಂದು ವಾದ, ಶಿರಸಿಯಿಂದ ಇನ್ನೊಂದು.

ಪರ: ಹೆಣ ಕೈಗೆ ತಗೊಂಡವರಿಗೆ ಹೊಣೆಯೂ ಇರಲಿ

ಕಾರವಾರದಲ್ಲಿ ಒಂದು ಚಹಾದಂಗಡಿ ಹಾಕಬೇಕಾದರೆ ನಗರಸಭೆಯ ಪರವಾನಗಿ ಬೇಕು. ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. ಆದರೆ ಮನೆಯವರು ಬರುವ ತನಕ ಎರಡು ದಿನ ಒಂದು ಹೆಣವನ್ನು ತನ್ನ ವಶದಲ್ಲಿ ಇಟ್ಟುಕೊಳ್ಳುವವನಿಗೆ ಏನೂ ಬೇಡ. ಗಾಡಿಗೆ ಆರ್‌ಸಿ, ಡ್ರೈವರ್‌ಗೆ ಡಿಎಲ್ ಇದ್ದರೆ ಮುಗಿಯಿತು. ಒಳಗೆ ಮಲಗಿರುವವರ ಬಗ್ಗೆ ಯಾರೂ ಕೇಳುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ಬೇರೆ ಜಿಲ್ಲೆಗಳಿಗಿಂತ ಜಾಸ್ತಿ ತಾಗುವ ವಿಷಯ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಇಲ್ಲಿನ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ಅದು ಇಲ್ಲದ ಕಾರಣ ಹೃದಯದ ತೊಂದರೆ, ತಲೆಗೆ ಪೆಟ್ಟು ಅಂತಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಅಲ್ಲಿ ಜೀವ ಹೋದರೆ ಅಷ್ಟೇ ದೂರ ವಾಪಸ್ ತರಬೇಕು. ರಾತ್ರಿ ಎರಡು ಗಂಟೆಗೆ, ಗೊತ್ತಿಲ್ಲದ ಊರಿನ ಆಸ್ಪತ್ರೆ ಗೇಟಿನಲ್ಲಿ, ಡ್ರೈವರ್ ಒಂದು ರೇಟು ಹೇಳುತ್ತಾನೆ. ಆ ಹೊತ್ತಿನಲ್ಲಿ ಚೌಕಾಸಿ ಮಾಡುವ ಬಾಯಿ ಯಾರಿಗಿರುತ್ತದೆ? ಕೋವಿಡ್ ಸಮಯದಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. 2021ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸತ್ತವರ ಘನತೆ ಕಾಪಾಡಲು ಸರ್ಕಾರಗಳಿಗೆ ಸಲಹೆ ಕೊಟ್ಟಿತು. ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಬೇಕು ಎಂದೂ ಅದರಲ್ಲಿ ಹೇಳಿತ್ತು.

ದುಡ್ಡಿನ ಮಾತು ಒಂದು ಕಡೆ ಇರಲಿ. ನನಗೆ ಹೆಚ್ಚು ಚಿಂತೆ ಇರುವುದು ಎಂಬಾಮಿಂಗ್ ಬಗ್ಗೆ. ತೊಡೆಯ ಅಥವಾ ಕತ್ತಿನ ದೊಡ್ಡ ರಕ್ತನಾಳದ ಮೂಲಕ ಫಾರ್ಮಲಿನ್ ಬೆರೆಸಿದ ದ್ರಾವಣವನ್ನು ದೇಹದೊಳಗೆ ಹರಿಸುತ್ತಾರೆ. ಹಾಗೆ ಮಾಡಿದರೆ ದೇಹ ಬೇಗ ಕೆಡುವುದಿಲ್ಲ. ವಿಮಾನದಲ್ಲಿ ಕಳಿಸಬೇಕಾದರೆ ಎಂಬಾಮಿಂಗ್ ಆಗಿದೆ ಎಂಬ ಪ್ರಮಾಣಪತ್ರ ಕೇಳುತ್ತಾರೆ. ಸಾಮಾನ್ಯವಾಗಿ ಈ ಕೆಲಸ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದ್ದು. ಕಾರವಾರದಲ್ಲೂ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಕಾಲೇಜಿನಲ್ಲಾದರೆ ಸಹಿ ಹಾಕುವವರು ಇರುತ್ತಾರೆ, ಅವರ ಮೇಲೆ ವಿಭಾಗದ ಮುಖ್ಯಸ್ಥರು ಇರುತ್ತಾರೆ. ಹೊರಗೆ ಯಾರಾದರೂ ಮಾಡಿಕೊಟ್ಟರೆ ನೀನು ಎಲ್ಲಿ ಕಲಿತೆ ಎಂದು ಕೇಳುವ ಕಾಯ್ದೆ ಇಲ್ಲ.

ಕೇಳಬೇಕಾದ್ದು ಯಾಕೆ ಅಂದರೆ, ಆ ದ್ರಾವಣ ಒಳಗೆ ಹೋದ ಮೇಲೆ ಸಾಕ್ಷಿ ಹಾಳಾಗುತ್ತದೆ. ಸತ್ತವರು ಕುಡಿದಿದ್ದರೇ, ಸೈನೈಡ್‌ನಂಥ ವಿಷ ಹೋಗಿತ್ತೇ ಎಂದು ಆಮೇಲೆ ಪತ್ತೆ ಹಚ್ಚುವುದು ತುಂಬಾ ಕಷ್ಟ. ಅಸಹಜ ಸಾವು ಎಂದರೆ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನ ಪ್ರಕಾರ ಪೊಲೀಸರು ಮಹಜರು ಮಾಡಬೇಕು, ಅಗತ್ಯ ಇದ್ದರೆ ಪೋಸ್ಟ್‌ಮಾರ್ಟಂ ಆಗಬೇಕು. ಎಂಬಾಮಿಂಗ್ ಏನಿದ್ದರೂ ಅದರ ನಂತರ. ಸಾವಿನ ಕಾರಣ ಬರೆದ ವೈದ್ಯರ ಪತ್ರ ಎಲ್ಲಿ, ಪೊಲೀಸರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಎಲ್ಲಿ ಎಂದು ಕೇಳುವುದು ಈ ಕೆಲಸದವನ ಮೊದಲ ಕರ್ತವ್ಯ. ಕತ್ತಿನ ಸುತ್ತ ಗುರುತು ಕಂಡರೆ ಬಾಯಿ ಬಿಡುವುದು ಎರಡನೆಯದು. ಇದನ್ನು ಅವನಿಗೆ ಕಲಿಸಿದವರು ಯಾರು?

ಗುರುತಿನ ವಿಷಯವೂ ಸಣ್ಣದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿಯಲ್ಲಿ ಕೊಚ್ಚಿಹೋದವರನ್ನು ಹುಡುಕುವ ಕೆಲಸ ವಾರಗಟ್ಟಲೆ ನಡೆಯಿತು. ಸೆಪ್ಟೆಂಬರ್‌ನಲ್ಲಿ ಲಾರಿಯೊಂದಿಗೆ ಮೇಲೆ ಬಂದ ಅವಶೇಷವನ್ನು ಡಿಎನ್‌ಎ ಪರೀಕ್ಷೆ ಮಾಡಿಸಿಯೇ ಕೇರಳದ ಮನೆಯವರಿಗೆ ಒಪ್ಪಿಸಿದರು. ಅಷ್ಟು ದೊಡ್ಡ ದುರಂತದಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಾಯಿತು. ದಿನನಿತ್ಯದ ಸಾವಿನಲ್ಲಿ ಕಾಲಿಗೊಂದು ಚೀಟಿ ಕಟ್ಟಿ, ಯಾರಿಂದ ಯಾವಾಗ ತಗೊಂಡೆ, ಯಾರಿಗೆ ಕೊಟ್ಟೆ, ಮೈಮೇಲೆ ಯಾವ ಒಡವೆ ಇತ್ತು ಎಂದು ಒಂದು ಪುಸ್ತಕದಲ್ಲಿ ಬರೆಯುವುದು ಕಷ್ಟವೇ?

ಕ್ರಿಮಿನಲ್ ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಸತ್ತವರ ಮೈಮೇಲಿನ ಸೊತ್ತು ಹೊಡೆದರೆ ಐಪಿಸಿ ಬದಲಿಗೆ ಬಂದ ನ್ಯಾಯ ಸಂಹಿತೆಯ 315ನೇ ಕಲಂ, ಶವಕ್ಕೆ ಅವಮಾನ ಮಾಡಿದರೆ 301. ಆದರೆ ಪೆಟ್ಟಿಗೆಯ ಕರೆಂಟು ಹೋದದ್ದು ನೋಡದೆ ದೇಹ ಕೆಟ್ಟಿತು, ಒಬ್ಬರ ಬದಲು ಇನ್ನೊಬ್ಬರನ್ನು ಕಳಿಸಿದರು, ಉಂಗುರ ಇತ್ತೋ ಇಲ್ಲವೋ ಎಂದು ಜಗಳವಾಯಿತು. ಇದನ್ನೆಲ್ಲ ಹಿಡಿದುಕೊಂಡು ಸ್ಟೇಷನ್‌ಗೆ ಹೋದರೆ ಅಲ್ಲಿ ಸಮಾಧಾನ ಹೇಳಿ ಕಳಿಸುತ್ತಾರೆ ಅಷ್ಟೇ. ಡಾಕ್ಟರ್ ತಪ್ಪು ಮಾಡಿದರೆ ವೈದ್ಯಕೀಯ ಪರಿಷತ್ತು, ವಕೀಲರು ತಪ್ಪು ಮಾಡಿದರೆ ಬಾರ್ ಕೌನ್ಸಿಲ್. ಇಲ್ಲಿ ಯಾರ ಬಾಗಿಲು ಬಡಿಯಬೇಕು? ಕ್ರಿಮಿನಲ್ ಕಾನೂನಿನಲ್ಲೂ ತೂತುಗಳಿವೆ. 2023ರಲ್ಲಿ ನಮ್ಮ ಹೈಕೋರ್ಟೇ ಒಂದು ಪ್ರಕರಣದಲ್ಲಿ, ಶವದ ಮೇಲಿನ ಲೈಂಗಿಕ ದೌರ್ಜನ್ಯವನ್ನು ಶಿಕ್ಷಿಸಲು ಸರಿಯಾದ ಕಲಂ ಇಲ್ಲ, ಕಾನೂನು ತಿದ್ದಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ಶವಾಗಾರಗಳಲ್ಲಿ ಸಿಸಿಟಿವಿ ಹಾಕಿ ಎಂದೂ ಹೇಳಿತು.

ಲೈಸೆನ್ಸ್ ತೆಗೆದುಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೊಲೊರಾಡೊ ರಾಜ್ಯ ನೋಡಿ. 1983ರಲ್ಲಿ ಅಲ್ಲಿ ಈ ಕಸುಬಿನ ಲೈಸೆನ್ಸ್ ಪದ್ಧತಿಯನ್ನೇ ಕೈಬಿಟ್ಟರು. 2023ರಲ್ಲಿ ಪೆನ್‌ರೋಸ್ ಎಂಬ ಸಣ್ಣ ಊರಿನ ಒಂದು ಕಟ್ಟಡದಲ್ಲಿ ಸುಮಾರು 190 ದೇಹಗಳು ಕೊಳೆಯುತ್ತಾ ಬಿದ್ದಿದ್ದವು. ಕೆಲವು ಮನೆಯವರಿಗೆ ಬೂದಿ ಎಂದು ಕೊಟ್ಟಿದ್ದು ಕಾಂಕ್ರೀಟಿನ ಪುಡಿ. ಮರುವರ್ಷವೇ ಅಲ್ಲಿ ಮತ್ತೆ ಲೈಸೆನ್ಸ್ ಕಾನೂನು ಪಾಸಾಯಿತು.

ನಾನು ಡಿಗ್ರಿ ಕೇಳುತ್ತಿಲ್ಲ. ಜಿಲ್ಲಾಮಟ್ಟದಲ್ಲಿ ಹೆಸರು ನೋಂದಣಿ, ಸ್ವಲ್ಪ ದಿನದ ತರಬೇತಿ, ಒಂದು ರಿಜಿಸ್ಟರ್, ಕಾಣುವಂತೆ ಹಾಕಿದ ದರಪಟ್ಟಿ, ದೂರು ಕೇಳಿ ಹೆಸರು ತೆಗೆದುಹಾಕುವ ಅಧಿಕಾರ ಇರುವ ಒಂದು ಸಮಿತಿ. ಇಷ್ಟು ಸಾಕು.

ವಿರೋಧ: ಮೊದಲು ಸಿಕ್ಕಿಬೀಳುವವರು ಯಾರು ನೋಡಿ

ಕಾರವಾರದವರ ವಾದ ಓದಿದರೆ ನಮ್ಮಲ್ಲಿ ಹಲಗೆ ಹಾಕಿಕೊಂಡ ಅಂತ್ಯಸಂಸ್ಕಾರದ ಕಂಪನಿಗಳು ಸಾಲಾಗಿ ಇವೆ ಅನಿಸುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಯಲ್ಲಿ ಸಾವಾದರೆ ಬರುವವರು ಅಕ್ಕಪಕ್ಕದ ಮನೆಯವರು. ಒಬ್ಬ ಮಾವಿನ ಕಟ್ಟಿಗೆ ನೋಡುತ್ತಾನೆ, ಇನ್ನೊಬ್ಬ ಚಟ್ಟ ಕಟ್ಟುತ್ತಾನೆ, ಮತ್ತೊಬ್ಬ ಭಟ್ಟರಿಗೆ ಫೋನು ಮಾಡುತ್ತಾನೆ. ಭಟ್ಕಳದಲ್ಲಿ ಜಮಾತ್‌ನವರು, ಹೊನ್ನಾವರದ ಕಡೆ ಚರ್ಚಿನವರು. ಫ್ರೀಜರ್ ಬಾಕ್ಸ್ ಇದ್ದರೆ ಅದು ಯುವಕ ಸಂಘದವರು ಚಂದಾ ಎತ್ತಿ ತಂದದ್ದು. ಮಗ ಬೆಂಗಳೂರಿನಿಂದ ಬರುವ ತನಕ ಇಡಿ ಎಂದರೆ ದುಡ್ಡು ಕೇಳದೆ ತಂದು ಇಟ್ಟು ಹೋಗುತ್ತಾರೆ.

ಈಗ ಕಾನೂನು ತನ್ನಿ. ನೋಟಿಸ್ ಮೊದಲು ಯಾರಿಗೆ ಹೋಗುತ್ತದೆ? ಮಂಗಳೂರಿನ ಆಸ್ಪತ್ರೆ ಗೇಟಿನಲ್ಲಿ ರೇಟು ಹೇಳುವವನಿಗೆ ಅಲ್ಲ, ಅವನು ಹೇಗೋ ಕಾಗದ ಮಾಡಿಸಿಕೊಳ್ಳುತ್ತಾನೆ. ಸಿಕ್ಕಿಬೀಳುವುದು ಈ ಸಂಘದ ಹುಡುಗರು.

ಇನ್ನೊಂದು ಮಾತು ಬಾಯಿಬಿಟ್ಟು ಹೇಳಬೇಕು. ಹೆಣ ಮುಟ್ಟುವ ಕೆಲಸವನ್ನು ನಮ್ಮ ಸಮಾಜ ಯಾರ ತಲೆಗೆ ಕಟ್ಟಿದೆ ಎಂಬುದು ಎಲ್ಲರಿಗೂ ಗೊತ್ತು. ಶವಾಗಾರದಲ್ಲಿ, ಸ್ಮಶಾನದಲ್ಲಿ ದುಡಿಯುವವರಲ್ಲಿ ಎಷ್ಟೋ ಜನರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲ. ತರಬೇತಿ ಎಂದರೆ ಅರ್ಜಿ, ಅರ್ಜಿ ಎಂದರೆ ಅರ್ಹತೆ. ಇವತ್ತು ಸಣ್ಣ ತರಬೇತಿ ಸಾಕು ಎಂದವರು ಐದು ವರ್ಷಕ್ಕೆ ಡಿಪ್ಲೊಮಾ ಕೇಳುತ್ತಾರೆ. ಲೈಸೆನ್ಸ್ ದುಡ್ಡಿದ್ದವನ ಹೆಸರಿಗೆ ಹೋಗುತ್ತದೆ, ಕೆಲಸ ಮಾತ್ರ ಇವರೇ ದಿನಗೂಲಿಗೆ ಮಾಡುತ್ತಾರೆ.

ಇದು ಬರೀ ಭಯ ಅಲ್ಲ. ಅಮೆರಿಕದ್ದೇ ಉದಾಹರಣೆ ಬೇಕಾದರೆ ಲೂಸಿಯಾನಾಕ್ಕೆ ಬನ್ನಿ. ಅಲ್ಲಿನ ಒಂದು ಮಠದ ಕ್ರೈಸ್ತ ಸನ್ಯಾಸಿಗಳು ಸಾದಾ ಮರದ ಶವಪೆಟ್ಟಿಗೆ ಮಾಡಿ ಮಾರಲು ಹೊರಟರು. ಲೈಸೆನ್ಸ್ ಇರುವ ಅಂತ್ಯಸಂಸ್ಕಾರದವರು ಮಾತ್ರ ಪೆಟ್ಟಿಗೆ ಮಾರಬೇಕು ಎಂದು ಮಂಡಳಿ ಅಡ್ಡ ಬಂತು. ಆ ಮಂಡಳಿಯಲ್ಲಿ ಕೂತವರಲ್ಲಿ ಹೆಚ್ಚಿನವರು ಅದೇ ಧಂಧೆಯವರು! ಕೊನೆಗೆ 2013ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಸನ್ಯಾಸಿಗಳ ಪರ ತೀರ್ಪು ಕೊಟ್ಟಿತು. ನಾಲ್ಕು ಹಲಗೆ ಮಾರಲು ಕೋರ್ಟು ಹತ್ತಬೇಕಾಯಿತು.

ಇನ್ನು ಕೊಲೊರಾಡೊ. ಲೈಸೆನ್ಸ್ ಇಲ್ಲದ್ದಕ್ಕೇ ಅಲ್ಲಿ ಹಾಗಾಯಿತು ಎನ್ನುವುದಾದರೆ, ಜಾರ್ಜಿಯಾ ರಾಜ್ಯದಲ್ಲಿ ಲೈಸೆನ್ಸ್ ಇತ್ತಲ್ಲ? 2002ರಲ್ಲಿ ಅಲ್ಲಿನ ಒಂದು ಖಾಸಗಿ ಚಿತಾಗಾರದ ಆವರಣದಲ್ಲಿ ಸುಡದೆ ಎಸೆದ 334 ದೇಹ ಸಿಕ್ಕವು. ಅಲ್ಲಿಗೆ ದೇಹ ಕಳಿಸುತ್ತಿದ್ದವರು ಅಂತ್ಯಸಂಸ್ಕಾರದ ಸಂಸ್ಥೆಗಳವರೇ. ಒಳಗೆ ಏನು ನಡೆಯುತ್ತಿದೆ ಎಂದು ಅವರು ಹೋಗಿ ನೋಡಲಿಲ್ಲ. ತಪಾಸಣೆಯ ಕಾನೂನಿನಲ್ಲಿ ಆ ಚಿತಾಗಾರ ನುಸುಳಿಕೊಳ್ಳುವಷ್ಟು ಸಂದು ಇತ್ತು.

ನಮ್ಮಲ್ಲಿ ಇರುವ ಕಾನೂನನ್ನೇ ನಾವು ಓದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 10ನೇ ಕಲಂ ತೆಗೆದು ನೋಡಿ. ಸ್ಮಶಾನದ ಉಸ್ತುವಾರಿ ಇರುವವರು ಅಲ್ಲಿಗೆ ಬಂದ ಸಾವಿನ ಸುದ್ದಿಯನ್ನು ನೋಂದಣಾಧಿಕಾರಿಗೆ ತಿಳಿಸಲೇಬೇಕು. ಆಗ ಅದಕ್ಕಿದ್ದ ದಂಡ 10 ರೂಪಾಯಿವರೆಗೆ. ಎಷ್ಟು ಊರಿನ ಸ್ಮಶಾನದಲ್ಲಿ ಒಂದು ಪುಸ್ತಕ ಇದೆ, ಹೇಳಿ. ಖಾಸಗಿ ಆಸ್ಪತ್ರೆಯವರು ಬಿಲ್ ಬಾಕಿ ಎಂದು ಶವ ತಡೆಹಿಡಿಯಬಾರದು ಎಂದು ರಾಜ್ಯದ ಕಾಯ್ದೆಗೆ ತಿದ್ದುಪಡಿಯೇ ಆಗಿದೆ. ಆದರೂ ಜನ ಬಿಲ್ಲಿಗೆ ಸಾಲ ಮಾಡಿಯೇ ಹೆಣ ಬಿಡಿಸಿಕೊಳ್ಳುತ್ತಾರೆ, ಯಾಕೆಂದರೆ ಹೀಗೊಂದು ನಿಯಮ ಇದೆ ಎಂದು ಅವರಿಗೆ ಹೇಳಿದವರಿಲ್ಲ.

ಎಂಬಾಮಿಂಗ್ ಬಗ್ಗೆ ಅವರು ಹೇಳಿದ್ದರಲ್ಲಿ ಹುರುಳಿದೆ, ಅಲ್ಲಗಳೆಯುವುದಿಲ್ಲ. ಪೊಲೀಸರ ಎನ್‌ಒಸಿ ಇಲ್ಲದೆ ಯಾರೂ ಮುಟ್ಟಬಾರದು. ಆದರೆ ಅದಕ್ಕೆ ಮದ್ದು, ಆ ಕೆಲಸ ಮೆಡಿಕಲ್ ಕಾಲೇಜು ಬಿಟ್ಟು ಹೊರಗೆ ಹೋಗದಂತೆ ನೋಡಿಕೊಳ್ಳುವುದು. ಒಮ್ಮೆ ಎಂಬಾಮಿಂಗ್ ಲೈಸೆನ್ಸಿನ ಕಸುಬಾದರೆ ಅದಕ್ಕೆ ಗಿರಾಕಿಯನ್ನೂ ಹುಡುಕುತ್ತಾರೆ. ಕಾನೂನಿನ ಪ್ರಕಾರ ಎಂಬಾಮಿಂಗ್ ಕಡ್ಡಾಯ ಎಂದು ಸುಳ್ಳು ಹೇಳಬೇಡಿ, ಬೆಲೆಪಟ್ಟಿ ಕೊಡಿ ಎಂದು 1984ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ನಿಯಮವನ್ನೇ ಮಾಡಬೇಕಾಗಿ ಬಂತು. ನಮ್ಮಲ್ಲಿ ಸಾಮಾನ್ಯವಾಗಿ ಒಂದು ದಿನದೊಳಗೆ ಸುಡುತ್ತೇವೆ ಇಲ್ಲವೇ ಹೂಳುತ್ತೇವೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಸುಮ್ನೆ ಅದನ್ನು ಹಳ್ಳಿ ಹಳ್ಳಿಗೆ ಯಾಕೆ ತರಬೇಕು?

ಘಟ್ಟದ ಮೇಲೆ ನಿಜವಾದ ಸಂಕಟ ಬೇರೆಯೇ. ಆಷಾಢದ ಮಳೆಯಲ್ಲಿ ಮಾಡು ಇಲ್ಲದ ಸ್ಮಶಾನ. ಒದ್ದೆ ಕಟ್ಟಿಗೆ. ಗಾಡಿ ಹೋಗದ ರಸ್ತೆ. ಹೊತ್ತು ಮುಳುಗಿದ ಮೇಲೂ ಪೋಸ್ಟ್‌ಮಾರ್ಟಂ ಮಾಡಬಹುದು ಎಂದು ಕೇಂದ್ರ 2021ರ ನವೆಂಬರ್‌ನಲ್ಲಿ ಹೇಳಿದೆ, ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಅದಕ್ಕೆ ಬೇಕಾದ ಬೆಳಕು, ಜನ, ಶೀತಲಪೆಟ್ಟಿಗೆ ಇರಬೇಕಲ್ಲ. ಸಮಿತಿಗೆ ಹಾಕುವ ದುಡ್ಡನ್ನು ಅಲ್ಲಿಗೆ ಹಾಕಲಿ.

ಗಾಡಿ ಬಾಡಿಗೆಯ ಸುಲಿಗೆಗೆ ಹೊಸ ಕಾಯ್ದೆಯೇ ಬೇಕಿಲ್ಲ. ಬಾಡಿಗೆ ದರ ಗೊತ್ತು ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 67ನೇ ಕಲಮಿನಲ್ಲಿ ರಾಜ್ಯಕ್ಕೆ ಈಗಲೇ ಇದೆ. ಕಿಲೋಮೀಟರಿಗೆ ಇಷ್ಟು ಎಂದು ಆದೇಶ ಹೊರಡಿಸಿ, ಶವಾಗಾರದ ಬಾಗಿಲಿಗೆ ಆರ್‌ಟಿಒ ಫೋನ್ ನಂಬರಿನ ಜೊತೆ ಅಂಟಿಸಿದರೆ ಆಯಿತು.