ವೇಗದ ಕಾರು ಇದ್ದವರು ಘಾಟಿ ಬಿಡಿ, ಟ್ರ್ಯಾಕಿಗೆ ಬನ್ನಿ

ಕಳೆದ ಶನಿವಾರ ಬೆಳಿಗ್ಗೆ ಚಿಕ್ಕಮಗಳೂರಿನ ಹತ್ತಿರದ ಕೈಮರದಿಂದ ಮೇಲೆ ಮುಳ್ಳಯ್ಯನಗಿರಿ ಕಡೆ ಹೋಗುವ ರಸ್ತೆ ಬದಿಯಲ್ಲಿ ನಿಂತಿದ್ದೆ. ಸ್ವಲ್ಪ ಮುಂದೆ ತೋಟದ ಕೆಲಸಕ್ಕೆ ಹೊರಟ ನಾಲ್ಕು ಜನ ಹೆಂಗಸರು ಮಾತಾಡಿಕೊಂಡು ನಡೆಯುತ್ತಿದ್ದರು. ಕೆಳಗಿನಿಂದ ಸೈಲೆನ್ಸರ್ ಸದ್ದು ಕೇಳಿಸಿತು. ಅಷ್ಟಕ್ಕೇ ನಾಲ್ವರೂ ಮಾತು ನಿಲ್ಲಿಸಿ ಚರಂಡಿಗೆ ಇಳಿದು ನಿಂತರು. ಮೂರು ಕಾರು ಒಂದರ ಹಿಂದೆ ಒಂದು ಹೋದವು. ಆಮೇಲೆ ಒಬ್ಬರು ಊಟದ ಬುತ್ತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕಾಲಿನ ಕೆಸರು ಹುಲ್ಲಿಗೆ ಒರೆಸಿ, ಮತ್ತೆ ರಸ್ತೆ ಹತ್ತಿದರು. ಯಾರೂ ಬೈಯಲಿಲ್ಲ. ಅವರಿಗೆ ಅಭ್ಯಾಸ ಆಗಿಹೋಗಿದೆ. ನನಗೆ ಅದೇ ಜಾಸ್ತಿ ನೋವಾಯಿತು.

ನನ್ನ ಹತ್ತಿರವೂ ಅಂಥದ್ದೊಂದು ಕಾರಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಪೋರ್ಷೆ ಕೇಮನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 2.7 ಲೀಟರ್, ಆರು ಸಿಲಿಂಡರ್, 275 ಹಾರ್ಸ್‌ಪವರ್. ಇಂಜಿನ್ ಮುಂದೆ ಇಲ್ಲ, ನಮ್ಮ ಬೆನ್ನ ಹಿಂದೆಯೇ ಇದೆ. ಭಾರ ಕಾರಿನ ನಡುವಿಗೆ ಬರುವುದರಿಂದ ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತದೆ. ಈ ಸುಖ ಎಷ್ಟು ಹೇಳಿದರೂ ಸಾಲದು. ಆದರೆ ಮಲೆನಾಡಿನಲ್ಲಿ ಇಂಥ ಕಾರು ಸಾಕುವುದು ಸುಲಭ ಅಲ್ಲ. ತೋಟದ ಮಣ್ಣು ರಸ್ತೆಗೆ ಅದು ಇಳಿಯುವ ಹಾಗೇ ಇಲ್ಲ, ಅಲ್ಲಿಗೆ ಜೀಪೇ ಬೇಕು. ಕಾರು ಪೇಟೆಯಲ್ಲಿ ದೊಡ್ಡಪ್ಪನ ಮನೆ ಶೆಡ್ಡಿನಲ್ಲಿರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನ ಬಾಗಿಲು ತೆಗೆಯದಿದ್ದರೆ ಲೆದರ್ ಸೀಟಿನ ಮೇಲೆ ಬೆಳ್ಳಗೆ ಬೂಷ್ಟು. ಒಂದು ಸಲ ಇಲಿ ವೈರ್ ಕಡಿದು ಹಾಕಿತ್ತು. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಹೋಗಿ, ಬಟ್ಟೆ ಹಿಡಿದು ಒರೆಸಿ, ಸ್ಟಾರ್ಟ್ ಮಾಡಿ, ಸ್ವಲ್ಪ ದೂರ ಓಡಿಸಿ ಬರುತ್ತೇನೆ.

"ಅಷ್ಟು ದುಡ್ಡು ಹಾಕಿ ತಗೊಂಡಿದ್ದೀಯ, ಚಾರ್ಮಾಡಿಯಲ್ಲಿ ಒಂದು ಸಲ ಸರಿಯಾಗಿ ಓಡಿಸಬಾರದಾ ಮಗಾ?" ಎಂದು ದೊಡ್ಡಪ್ಪನೇ ಕೇಳಿದ್ದಾರೆ. ಇಲ್ಲ, ಓಡಿಸುವುದಿಲ್ಲ. ಕೊಟ್ಟಿಗೆಹಾರ ದಾಟಿ ಕೆಳಗೆ ಇಳಿಯುವಾಗ ಮಂಜು ಬಂದರೆ ಹತ್ತು ಅಡಿ ಆಚೆ ಕಾಣುವುದಿಲ್ಲ. ತಿರುವಿನ ಆಚೆ ಬಸ್ ಇರಬಹುದು, ದನ ಇರಬಹುದು, ಧರ್ಮಸ್ಥಳಕ್ಕೆ ನಡೆದು ಹೋಗುವ ಭಕ್ತರು ಇರಬಹುದು. ಕಾರು ಎಷ್ಟೇ ಒಳ್ಳೆಯದಿರಲಿ, ಕಾಣದೇ ಇರುವುದನ್ನು ಅದು ತಪ್ಪಿಸಲಾರದು.

ಇದೆಲ್ಲ ನನಗೆ ಸರಿಯಾಗಿ ಅರ್ಥ ಆಗಿದ್ದು ರೇಸ್ ಟ್ರ್ಯಾಕಿಗೆ ಹೋದ ಮೇಲೆ.

ಮೊದಲ ಸಲ ಹೋಗಿದ್ದು ಆಗಿದ್ದ ಒಂದು ಹಳೆಯ ಸಣ್ಣ ಕಾರಿನಲ್ಲಿ. ಬೆಂಗಳೂರು ದಾಟಿ, ಚೆನ್ನೈಗಿಂತ ಮೊದಲೇ ಶ್ರೀಪೆರಂಬುದೂರಿನ ಹತ್ತಿರ ಇರುಂಗಟ್ಟುಕೋಟೈ. ಅಲ್ಲಿನ ಸರ್ಕ್ಯೂಟ್ ಒಂದು ಸುತ್ತು 3.7 ಕಿಲೋಮೀಟರ್. ಬೆಳಿಗ್ಗೆ ಗಾಡಿ ಬಿಡುವ ಮೊದಲು ಎಲ್ಲರನ್ನೂ ಕೂರಿಸಿ ಬಾವುಟಗಳ ಪಾಠ ಮಾಡಿದರು. ಹಳದಿ ಕಂಡರೆ ಮುಂದೆ ಅಪಾಯ, ನಿಧಾನ ಮಾಡು, ಯಾರನ್ನೂ ಹಿಂದೆ ಹಾಕಬೇಡ. ನೀಲಿ ಎಂದರೆ ಹಿಂದೆ ನಿನಗಿಂತ ವೇಗದವನು ಬರುತ್ತಿದ್ದಾನೆ. ಕೆಂಪು ಎಂದರೆ ಓಟ ನಿಂತಿತು. ಹಿಂದೆ ಹಾಕುವುದಕ್ಕೂ ಜಾಗ ಗೊತ್ತು ಮಾಡಿದ್ದರು, ತಿರುವಿನಲ್ಲಿ ಇಲ್ಲವೇ ಇಲ್ಲ. ಇಷ್ಟು ಶಿಸ್ತು ನಮ್ಮ ಯಾವ ರಸ್ತೆಯಲ್ಲಿದೆ ಹೇಳಿ.

ನಾಲ್ಕನೇ ಸುತ್ತು. ನೇರ ದಾರಿ ಮುಗಿಯುತ್ತಿತ್ತು. ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ, ಬೆಣ್ಣೆ ಮೇಲೆ ಕಾಲಿಟ್ಟ ಹಾಗೆ, ಕೆಳಗೆ ಇಳಿದುಹೋಯಿತು. ಕಾರು ನಿಧಾನವೇ ಆಗಲಿಲ್ಲ. ಮತ್ತೆ ಮತ್ತೆ ತುಳಿದೆ. ಮೂರನೇ ಸಲಕ್ಕೆ ಸ್ವಲ್ಪ ಹಿಡಿಯಿತು. ಅಷ್ಟರಲ್ಲಿ ಟಾರು ಮುಗಿದು ಕಾರು ಮಣ್ಣಿಗೆ ಇಳಿದಿತ್ತು. ಧೂಳು ಕೂತಾಗ ಸುತ್ತ ಏನೂ ಇರಲಿಲ್ಲ. ಬರೀ ಬಯಲು. ಕೈ ನಡುಗುತ್ತಿತ್ತು. ಆಗ ನನ್ನ ಕಣ್ಣ ಮುಂದೆ ಬಂದಿದ್ದು ಚಾರ್ಮಾಡಿಯ ತಡೆಗೋಡೆ, ಅದರ ಆಚೆಯ ಪ್ರಪಾತ.

ಆಗಿದ್ದು ಇಷ್ಟೇ. ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವುದು ಬ್ರೇಕ್ ಆಯಿಲ್, ಅದು ಗಾಳಿಯಲ್ಲಿನ ತೇವ ಹೀರುತ್ತದೆ. ನಮ್ಮ ಊರಿನ ಮಳೆ ಗೊತ್ತಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲ್ ಕಡಿಮೆ ಎಂದರೂ 230 ಡಿಗ್ರಿವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕಿನ ಬಿಸಿಗೆ ಹಳೆಯ ಆಯಿಲ್ ಕುದಿದು ಆವಿಗುಳ್ಳೆ ಎದ್ದಿತು. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನನ್ನ ಕಾಲು ಒತ್ತಿದ್ದೆಲ್ಲ ಆ ಆವಿಯನ್ನೇ. ಸರ್ವಿಸ್ ಮಾಡಿದವರು ಬದಲಾಯಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಇನ್ನೊಂದು ಲೆಕ್ಕವನ್ನೂ ಅಲ್ಲೇ ಮೈಗೆ ಹತ್ತಿಸಿಕೊಂಡೆ. ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. 40ರಲ್ಲಿ ನಿಂತ ಹಾಗೆ 80ರಲ್ಲಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಓದಿದ್ದೇ, ಆದರೆ ಕಾಲಿಗೆ ಗೊತ್ತಿರಲಿಲ್ಲ.

ರೇಸ್ ಬೇಡ ಎಂದು ನಾನು ಹೇಳುತ್ತಿಲ್ಲ. ಚಿಕ್ಕಮಗಳೂರಿನವರಿಗೆ ಯಾರೂ ಹಾಗೆ ಹೇಳಲೂ ಆಗದು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಡೆದಿದ್ದು ನಮ್ಮ ಕಾಫಿ ತೋಟಗಳ ನಡುವೆ. 2016, 2017ರಲ್ಲಿ ಚಾಂಪಿಯನ್ ಆದ ಗೌರವ್ ಗಿಲ್ ನಮ್ಮ ಮಣ್ಣಿನ ದಾರಿಗಳಲ್ಲಿ ಕಾರು ಹಾರಿಸಿದವರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಕ್ರೀಡೆಗೆ ಬಂದ ಮೊದಲನೆಯದು. ಆದರೆ ರ‍್ಯಾಲಿ ಎಂದರೆ ದಾರಿ ಮುಚ್ಚಿರುತ್ತಾರೆ, ಮಾರ್ಷಲ್‌ಗಳು ಇರುತ್ತಾರೆ, ಆಂಬುಲೆನ್ಸ್ ಕಾದು ನಿಂತಿರುತ್ತದೆ. ಆ ಕಾರು ನೋಡಿ ಬೆಳೆದ ಹುಡುಗರು ಶನಿವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಮಾಡುತ್ತಿರುವುದು ಅದಲ್ಲ.

ಕಾನೂನೂ ಗೊತ್ತಿರಲಿ. ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್. ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನು ಟ್ರ್ಯಾಕಿಗೆ ಬರುವವರು ತಿಳಿದಿರಬೇಕಾದ್ದು: ನಮ್ಮ ಮಾಮೂಲಿ ಇನ್ಶೂರೆನ್ಸ್‌ನಲ್ಲಿ ರೇಸ್, ವೇಗದ ಪರೀಕ್ಷೆ ಸೇರುವುದಿಲ್ಲ. ಅಲ್ಲಿ ಕಾರು ಜಖಂ ಆದರೆ ಖರ್ಚು ನಮ್ಮದೇ ಎಂದುಕೊಂಡೇ ಬರಬೇಕು.

ದುಡ್ಡಿದ್ದವರ ಆಟ ಅಂತೀರಾ? ಖರ್ಚಿದೆ, ಸುಳ್ಳು ಹೇಳಲ್ಲ. ಟೈರ್, ಬ್ರೇಕ್ ಪ್ಯಾಡ್, ಪೆಟ್ರೋಲ್, ಅಷ್ಟು ದೂರದ ಪ್ರಯಾಣ. ಆದರೆ ಪೋರ್ಷೆ ಬೇಕಾಗಿಲ್ಲ. ಮನೆಯಲ್ಲಿರುವ ಸಣ್ಣ ಕಾರೇ ಸಾಕು, ಕಲಿಯಲು ಅದೇ ಒಳ್ಳೆಯದು. ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿಲೋಮೀಟರ್ ಅಷ್ಟೇ. ಅಲ್ಲಿ ಹಾರ್ಸ್‌ಪವರ್‌ಗಿಂತ ಕೈ ಮುಖ್ಯ. ಶಕ್ತಿ ಕಡಿಮೆ ಇರುವ ಕಾರಿನವರು ತಿರುವಿನಲ್ಲಿ ನನ್ನನ್ನು ಹಿಡಿದಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ನಿಂತು ಅವರ ಗೆರೆ, ಅಂದರೆ ತಿರುವಿನಲ್ಲಿ ಅವರು ಕಾರು ಸಾಗಿಸುವ ದಾರಿ, ನೋಡಿ ಕಲಿತಿದ್ದೇನೆ.

ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿದಾಗೆಲ್ಲ ಹುಡುಗರು ಬಂದು "ಅಣ್ಣಾ, ಎಷ್ಟು ಹೋಗುತ್ತೆ?" ಎಂದು ಕೇಳುತ್ತಾರೆ. ಅವರ ಕಣ್ಣಲ್ಲಿರುವ ಆಸೆ ನನಗೆ ಚೆನ್ನಾಗಿ ಗೊತ್ತು, ನನ್ನದೂ ಅದೇ. ಸುಮ್ನೆ ಬೈದು ಕಳಿಸುವುದರಿಂದ ಏನೂ ಆಗುವುದಿಲ್ಲ ಅಲ್ವಾ? ಅದಕ್ಕೇ ಈ ಸಲ ಅರೇಬಿಕಾ ಕೊಯ್ಲು ಮುಗಿದ ಮೇಲೆ, ಬಿಸಿಲು ಏರುವ ಮೊದಲು, ಚೆನ್ನೈ ಕಡೆ ಹೊರಡುತ್ತಿದ್ದೇನೆ. ನಮ್ಮ ಕಡೆಯ ಮೂರ್ನಾಲ್ಕು ಜನ ಬರುವುದಾದರೆ ಒಟ್ಟಿಗೆ ಹೋಗೋಣ. ನನ್ನ ಹತ್ತಿರ ಎರಡು ಹೆಲ್ಮೆಟ್ ಹೆಚ್ಚಿಗೆ ಇವೆ. ಬರುವವರು ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಹೊರಡುವ ವಾರ ಮೊದಲೇ ಬ್ರೇಕ್ ಆಯಿಲ್ ಬದಲಾಯಿಸಿಕೊಳ್ಳಿ, ಬದಲಾಯಿಸುವಾಗ ಪಕ್ಕದಲ್ಲೇ ನಿಂತು ನೋಡಿ.