ಸ್ಪಷ್ಟನೆ: ಎಥಿಲೀನ್ ಆಲೂಗಡ್ಡೆಯ ಉಸಿರಾಟವನ್ನು ನಿಲ್ಲಿಸುವುದಿಲ್ಲ

‘ಚೀಲದೊಳಗೆ ಕಳಿತ ಬಾಳೆಹಣ್ಣು ಇಟ್ಟರೆ ಅದರ ಎಥಿಲೀನ್ (ಹಣ್ಣನ್ನು ಮಾಗಿಸುವ ಅನಿಲ) ಗಡ್ಡೆಯ ಉಸಿರಾಟವನ್ನೇ ನಿಲ್ಲಿಸುತ್ತದೆ, ತೂಕ ಇಳಿಯುವುದಿಲ್ಲ’ ಎಂಬ ಸಂದೇಶವೊಂದು ಹಾಸನ ಸೀಮೆಯ ಆಲೂಗಡ್ಡೆ ಬೆಳೆಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದನ್ನು ಮೊದಲು ಬರೆದವನು ನಾನೇ. ಅದು ತಪ್ಪು.

ನಿಜಸಂಗತಿ ಇದಕ್ಕೆ ತದ್ವಿರುದ್ಧ. ಎಥಿಲೀನ್ ಸೋಕಿದ ಗಡ್ಡೆಯ ಉಸಿರಾಟ ಏರುತ್ತದೆ. ಜೊತೆಗೆ, ಮಾಮೂಲಿ ಉಸಿರಾಟವನ್ನು ತಡೆಯುವ ವಿಷವಾದ ಸಯನೈಡ್‌ಗೂ ಜಗ್ಗದ ಪರ್ಯಾಯ ಉಸಿರಾಟದ ಸಾಮರ್ಥ್ಯವೂ ಹೆಚ್ಚುತ್ತದೆ ಎಂಬುದು 1970ರ ದಶಕದ ಪ್ರಯೋಗಗಳಲ್ಲೇ ಕಂಡುಬಂದಿದೆ. ಮಾಮೂಲಿ ದಾರಿಯಲ್ಲಿ ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಎಲೆಕ್ಟ್ರಾನ್‌ಗಳು ಅವುಗಳನ್ನು ಹೊರುವ ಅಣುವಾದ ಯುಬಿಕ್ವಿನೋನ್‌ನಿಂದ ಮೂರನೆಯ ಮತ್ತು ನಾಲ್ಕನೆಯ ಪ್ರೋಟೀನ್ ಸಂಕೀರ್ಣಗಳನ್ನು ಹಾದು ಆಮ್ಲಜನಕವನ್ನು ಸೇರಿದರೆ, ಪರ್ಯಾಯ ಆಕ್ಸಿಡೇಸ್ ಎಂಬ ಕಿಣ್ವ ಅವುಗಳನ್ನು ಆ ಎರಡನ್ನೂ ತಪ್ಪಿಸಿ ನೇರವಾಗಿ ಆಮ್ಲಜನಕಕ್ಕೆ ದಾಟಿಸುವುದರಿಂದ, ಎಟಿಪಿ (ಜೀವಕೋಶ ಬಳಸುವ ಶಕ್ತಿಯ ಅಣು) ಆಗಬೇಕಿದ್ದ ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತದೆ. ನಮ್ಮ ಹಿತ್ತಲಿನ ಸುವರ್ಣಗಡ್ಡೆಯ ಹೂವಿನ ದಿಂಡು ಅರಳುವಾಗ ಬೆಚ್ಚಗಾಗುವುದನ್ನು ಮುಟ್ಟಿ ನೋಡಿದವರಿಗೆ ಈ ಮಾತು ಬೇಗ ಹಿಡಿಸೀತು. ಅದೇ ಕುಟುಂಬದ ಇನ್ನೊಂದು ಸಸ್ಯದಲ್ಲಿ ಇಂಥ ಬಿಸಿಗೆ ಚಾಲನೆ ಕೊಡುವುದು ಸ್ಯಾಲಿಸಿಲಿಕ್ ಆಮ್ಲವೆಂದು 1987ರಲ್ಲಿ ಗುರುತಿಸಲಾಯಿತು.

ನಾನು ಎಡವಿದ್ದು ಇಲ್ಲಿ: ನಿಯಂತ್ರಿತ ಶೀತಲಗೃಹಗಳಲ್ಲಿ ಸತತವಾಗಿ ಹಾಯಿಸಿದ ಎಥಿಲೀನ್ ಮೊಳಕೆ ಉದ್ದವಾಗುವುದನ್ನು ತಡೆಯುತ್ತದೆ, ನಾನದನ್ನು ಉಸಿರಾಟವೇ ನಿಂತಂತೆ ಎಂದು ಬರೆದುಬಿಟ್ಟೆ. ಅಲ್ಲಿಯೂ ಗಡ್ಡೆಯಲ್ಲಿ ಸಕ್ಕರೆಯ ಅಂಶ ಹೆಚ್ಚಿ, ಕರಿದಾಗ ಚಿಪ್ಸ್ ಕಪ್ಪಾಗುವ ಸಂಭವವಿದೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಚೀಲಗಳಲ್ಲಿ ಈಗಾಗಲೇ ಹಣ್ಣು ಇಟ್ಟಿದ್ದರೆ, ಅದು ಕೊಳೆತು ಗಡ್ಡೆಗೂ ತಗಲುವ ಮೊದಲು ತೆಗೆದುಬಿಡಿ.