ಲೆನ್ಸಿನ ಮೇಲೊಂದು ನೀಹಾರಿಕೆ

ಓರಿಯನ್ ನೀಹಾರಿಕೆಯ ಫೋಟೋ ತೆಗೆಯೋದು ಸುಲಭ ಅಂತ ನಂಬಿಯೇ ಎಷ್ಟೋ ಜನ ಈ ಹಳ್ಳಕ್ಕೆ ಬೀಳುತ್ತಾರೆ. ನಾನೂ ಹಾಗೇ ಬಿದ್ದೆ. ಕತ್ತಲು ಚೆನ್ನಾಗಿದ್ದರೆ ಆ ಅನಿಲ, ಧೂಳಿನ ಮೋಡ ಬರಿಗಣ್ಣಿಗೇ ಕಾಣುತ್ತದೆ. ಓರಿಯನ್ ಅನ್ನೋ ಬೇಟೆಗಾರ ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳ ಹತ್ತಿರ, ಕತ್ತಿ ನೇತುಬಿಟ್ಟ ಜಾಗದಲ್ಲಿ, ಯಾರೋ ಒರೆಸಲು ಮರೆತ ಕಲೆಯ ಹಾಗೆ. 1880ರಲ್ಲಿ ಅಮೆರಿಕದ ಹವ್ಯಾಸಿ ಖಗೋಳಜ್ಞ ಹೆನ್ರಿ ಡ್ರೇಪರ್ ಇದರ ಮೊದಲ ಫೋಟೋ ತೆಗೆದದ್ದು 51 ನಿಮಿಷ ಬೆಳಕು ಹಿಡಿದು. ಆ ಪುಣ್ಯಾತ್ಮನಿಗೆ ಡಿಜಿಟಲ್ ಕ್ಯಾಮೆರಾ ಇರಲಿಲ್ಲ, ನನಗಿದೆ. ಇನ್ನೇನು ಬೇಕು?

ತುಂಬಾ ಬೇಕಿತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಫೋಟೋಗೆ ಅಂತ ಒಂದು ಕ್ಷಣವೂ ನಿಲ್ಲುವುದಿಲ್ಲ. ನಕ್ಷತ್ರಗಳು ಗೀರಾಗಬಾರದು ಅಂದರೆ ಕ್ಯಾಮೆರಾವನ್ನೂ ತಿರುಗಿಸುವ ಟ್ರ್ಯಾಕರ್ ಬೇಕು. ಅದರ ಅಕ್ಷ ಧ್ರುವದ ಕಡೆಗೇ ಇರಬೇಕು. ಮುಕ್ಕಾಲು ಗಂಟೆ ನೆಲಕ್ಕೆ ಮಂಡಿಯೂರಿ, ಕತ್ತು ತಿರುಚಿಕೊಂಡು ಧ್ರುವ ನಕ್ಷತ್ರ ಹುಡುಕಿದೆ. ದೂರದಿಂದ ನೋಡಿದವರಿಗೆ ಮಹಾಭಕ್ತನ ಹಾಗೆ ಕಂಡಿರಬೇಕು.

ಡ್ರೇಪರನಿಗೆ ಸರಿಸಮ ಮಾಡೋಣ ಅಂತ 30 ಸೆಕೆಂಡಿನ 102 ಫೋಟೋಗೆ ಟೈಮರ್ ಇಟ್ಟೆ. ಲೆಕ್ಕ ಹಾಕಿ, ಸರಿಯಾಗಿ 51 ನಿಮಿಷ! ಇಷ್ಟೊಂದು ಯಾಕೆ ಅಂದರೆ, ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಸ್ಟ್ಯಾಕ್ ಮಾಡಬೇಕು. ನೂರು ಫೋಟೋ ಸೇರಿಸಿದರೆ ಮರಳು ಎರಚಿದಂಥ ನಾಯ್ಸ್ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಮೊದಲ ಇಪ್ಪತ್ತೈದು ಸೊಗಸಾಗಿ ಬಂದವು. ಆಮೇಲೆ ಪವಾಡ ಶುರುವಾಯಿತು. ಒಂದೊಂದು ನಕ್ಷತ್ರದ ಸುತ್ತಲೂ ಮೆತ್ತಗೆ ಪ್ರಭೆ! ಫೋಟೋದಿಂದ ಫೋಟೋಗೆ ಅದು ಜಾಸ್ತಿಯಾಗುತ್ತಾ ಹೋಯಿತು. ಯಾವ ಪುಸ್ತಕದಲ್ಲೂ ಇಲ್ಲದ ಅನಿಲದ ಮೋಡ ನನಗೆ ಮಾತ್ರ ಸಿಗುತ್ತಿದೆ ಅಂದುಕೊಂಡೆ. ಸಾವಿರದ ಮುನ್ನೂರು ಜ್ಯೋತಿರ್ವರ್ಷ ದಾಟಿ ಬಂದ ಬೆಳಕು ಅಂತ ಮೈ ಜುಮ್ಮೆಂದಿತು. ಕೊನೆಯ ಫೋಟೋ ಮುಗಿದ ಮೇಲೆ ಟಾರ್ಚ್ ಹಾಕಿ ನೋಡಿದರೆ, ಲೆನ್ಸಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಇಬ್ಬನಿ. ಮೋಡವಿಲ್ಲದ ರಾತ್ರಿ ಗಾಜು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ನನ್ನ ಪ್ರಭೆ ಹುಟ್ಟಿದ್ದು ಬೆರಳಷ್ಟು ದೂರದಲ್ಲಿ!

ಒಳಗೆ ಹೋಗಿ ಕತ್ತಲಲ್ಲಿ ಹೇರ್ ಡ್ರೈಯರ್ ತಡಕಾಡಿದೆ.

"ರೀ, ಈ ಹೊತ್ತಲ್ಲಿ ಯಾರಿಗೆ ತಲೆ ಸ್ನಾನ?" ಅಂದಳು ಹೆಂಡತಿ.

"ಲೆನ್ಸಿಗೆ."

ಅವಳು ಮಗ್ಗುಲು ಬದಲಿಸಿದಳು. ಲೆನ್ಸ್ ಒಣಗಿತು. ಆದರೆ ವೈರ್ ಸುತ್ತಿಕೊಂಡು ಹಿಂದೆ ಸರಿಯುವಾಗ ಕಾಲು ಟ್ರೈಪಾಡಿಗೆ ತಗುಲಿತು. ಧ್ರುವ ನಕ್ಷತ್ರ ಇನ್ನೊಮ್ಮೆ ಕೈಬಿಟ್ಟಿತು. ಮತ್ತೆ ಮಂಡಿಯೂರುವ ಭಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಬೆಳಿಗ್ಗೆ ಮಂಜು ಮುಸುಕಿದ ಫೋಟೋವೊಂದನ್ನು ನೋಡಿ ಅವಳು "ಇದೇನು?" ಅಂದಳು. "ನೀಹಾರಿಕೆ" ಅಂದೆ. ಸುಳ್ಳೇನಲ್ಲ ಅಲ್ವಾ? ನಿಘಂಟು ತೆಗೆದು ನೋಡಿ, ನೀಹಾರ ಅಂದರೆ ಮಂಜು ಅಂತಲೇ ಇದೆ. ಆ 77 ಫೋಟೋ ಇನ್ನೂ ಅಳಿಸಿಲ್ಲ.